ಪಿರಿಹಿರಾ ದೊಡ್ಡಮ್ಮ ಫ್ರೀಜರ್ ಖಾಲಿ ಮಾಡಿದ್ದು

ಪಿರಿಹಿರಾ ದೊಡ್ಡಮ್ಮ ಮೆಲ್ಲಗೆ ಮಾತಾಡಿದ್ದನ್ನು ನಮ್ಮ ಕೊಲ್ಲಿಯ ರಸ್ತೆಯಲ್ಲಿ ಕೇಳಿದವರೇ ಇರಲಿಲ್ಲ. ಪ್ರಾಯದಲ್ಲಿ ಆಕೆ ಕುರಿಗಳ ಉಣ್ಣೆ ಕತ್ತರಿಸುವ ತಂಡಗಳಿಗೆ ಅಡುಗೆ ಮಾಡಿದವಳು. ಯಂತ್ರಗಳ ಸದ್ದು, ಕುರಿಗಳ ಅರಚಾಟ, ಇವೆರಡನ್ನೂ ಮೀರಿ ಗಂಡಸರನ್ನು ಊಟಕ್ಕೆ ಕೂಗಿ ಕೂಗಿ ಗಂಟಲು ಅದೇ ಎತ್ತರದಲ್ಲಿ ನಿಂತುಬಿಟ್ಟಿತಂತೆ. ಚರ್ಚಿನಲ್ಲಿ ಆಕೆ ಪ್ರಾರ್ಥನೆ ಮಾಡಿದರೆ ದೇವರನ್ನು ಗದರಿಸಿದ ಹಾಗಿರುತ್ತದೆ. ನಾನು ಪಕ್ಕದ ಮನೆಯವಳು, ಸ್ಕೂಲ್ ಬಸ್ ಓಡಿಸುವವಳು. ನನ್ನ ಮನೆಯ ಗಡಿಯಾರ ಕೆಟ್ಟು ಎಷ್ಟೋ ವರ್ಷವಾಯಿತು, ರಿಪೇರಿ ಮಾಡಿಸಿಲ್ಲ. ಆಕೆ ಕೋಳಿಗಳನ್ನು ಬೈಯಲು ಶುರುಮಾಡಿದರೆ ಬಸ್ ತೆಗೆಯುವ ಹೊತ್ತಾಯಿತು ಎಂದು ಗೊತ್ತಾಗುತ್ತದೆ.

ಗಂಟಲಿನಷ್ಟೇ ದೊಡ್ಡದು ಆಕೆಯ ಮಡಿ. ಈ ದ್ವೀಪದ ಮೂಲನಿವಾಸಿಗಳಾದ ನಮ್ಮ ಮಾವೊರಿ ಜನಕ್ಕೆಲ್ಲ ಮಡಿ ಇದೆ, ಆದರೆ ದೊಡ್ಡಮ್ಮನದು ಒಂದು ಕೈ ಹೆಚ್ಚು. ಮೈಗೆ ಸೇರಿದ್ದು ಬೇರೆ, ಬಾಯಿಗೆ ಸೇರಿದ್ದು ಬೇರೆ, ಎರಡೂ ಒಂದು ಕಡೆ ಬರಕೂಡದು. ಮೈ ಒರೆಸುವ ಬಟ್ಟೆ, ತಟ್ಟೆ ಒರೆಸುವ ಬಟ್ಟೆ ಒಂದೇ ನೀರಿನಲ್ಲಿ ಅದ್ದಕೂಡದು. ಊಟದ ಮೇಜಿನ ಮೇಲೆ ಬಾಚಣಿಗೆ ಇಡಕೂಡದು, ಯಾರೂ ಕೂರಕೂಡದು. ಒಂದು ಸಲ ಆಕೆಯ ತಮ್ಮ ಪೇನೆ ಅಡುಗೆಯ ದೊಡ್ಡ ಪಾತ್ರೆಯಲ್ಲಿ ತನ್ನ ಕಾಲುಚೀಲ ನೆನೆಹಾಕಿದ. ಎಷ್ಟೋ ಮದುವೆಗಳಿಗೆ ಆಲೂಗಡ್ಡೆ ಬೇಯಿಸಿದ ಆ ಪಾತ್ರೆ ಅಂದೇ ಹೂವಿನ ಕುಂಡವಾಗಿ ಅಂಗಳಕ್ಕೆ ಇಳಿಯಿತು.

"ಬರೀ ಕಾಲುಚೀಲ ಅಕ್ಕ," ಎಂದ ಪೇನೆ.

"ಆ ಕಾಲುಚೀಲದೊಳಗೆ ನಿನ್ನ ಕಾಲಿತ್ತು ತಾನೆ," ಎಂದಳು ದೊಡ್ಡಮ್ಮ.

ಈ ಪೇನೆ ನಮ್ಮ ಊರಿನ ಸಭಾಮನೆಯ ಭಾಷಣಕಾರ. ಹುಟ್ಟು, ಸಾವು, ರಗ್ಬಿ ಪಂದ್ಯ, ಯಾವುದೇ ಇರಲಿ, ಆತ ಎದ್ದು ನಿಂತರೆ ನಮ್ಮ ಪೂರ್ವಿಕರು ಬಂದ ದೋಣಿಯಿಂದಲೇ ಶುರುಮಾಡಬೇಕು. ಆ ದೋಣಿ ದಡ ಮುಟ್ಟುವಷ್ಟರಲ್ಲಿ ಅತಿಥಿಗಳ ಚಹಾ ಆರಿ ಹೋಗಿರುತ್ತದೆ. ಅಕ್ಕ ತಮ್ಮ ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಪ್ರಾಣ, ಆದರೆ ಅದನ್ನು ಜಗಳವಾಡದೆ ತೋರಿಸಲು ಇಬ್ಬರಿಗೂ ಬರುವುದಿಲ್ಲ.

ವೈಮಾರಿಯೆ ಇವರಿಬ್ಬರ ತಂಗಿಯ ಮಗಳು. ತಂಗಿ ಬ್ರಿಸ್ಬೇನಿನಲ್ಲಿ ಸಂಸಾರ ಹೂಡಿದವಳು, ವರ್ಷಕ್ಕೊಮ್ಮೆ ಫೋನಿನಲ್ಲಿ ಅಳುತ್ತಾಳೆ. ವೈಮಾರಿಯೆ ಕೀವಿ ಹಣ್ಣು ಪೆಟ್ಟಿಗೆಗೆ ತುಂಬುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಾಗ ಬಿದ್ದು ಬೆನ್ನು ಮುರಿದುಕೊಂಡಳು. ಡಾಕ್ಟರು ನೋವಿನ ಮಾತ್ರೆ ಕೊಟ್ಟರು. ಬೆನ್ನು ವಾಸಿಯಾಯಿತು, ಮಾತ್ರೆ ಬಿಡಲಿಲ್ಲ. ಮಾತ್ರೆ ಸಾಲದಾದಾಗ ಮತ್ತೇನೇನೋ ಬಂತು. ಒಂದು ದಿನ ಅವಳು ಚೀಲ ಹಿಡಿದು ದೊಡ್ಡಮ್ಮನ ಬಾಗಿಲಿಗೆ ಬಂದಾಗ ಹೊಟ್ಟೆ ಎದ್ದು ಕಾಣುತ್ತಿತ್ತು. ಮಗುವಿನ ಅಪ್ಪನ ವಿಷಯ ದೊಡ್ಡಮ್ಮನ ಮುಂದೆ ಎತ್ತುವ ಹಾಗಿಲ್ಲ, ನಾನೂ ಎತ್ತುವುದಿಲ್ಲ.

ಅಷ್ಟರಲ್ಲಿ ಅವಳಿಗೆ ಮೆಥಡೋನ್ ಶುರುವಾಗಿತ್ತು. ಹಳೆಯ ಚಟ ಬಿಡಿಸಲು ಕೊಡುವ ಔಷಧಿ ಅದು. ದಿನಾ ಬೆಳಿಗ್ಗೆ ಪಟ್ಟಣದ ಔಷಧಿ ಅಂಗಡಿಗೆ ಹೋಗಿ ಅಂಗಡಿಯವನ ಕಣ್ಣೆದುರೇ ಕುಡಿಯಬೇಕು. ದೊಡ್ಡಮ್ಮನ ಮೊದಲ ತೀರ್ಮಾನ, ಅದನ್ನೂ ನಿಲ್ಲಿಸಿ ಹುಡುಗಿಯನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕಿ ಸೂಪು ಕುಡಿಸುವುದು. ಆಸ್ಪತ್ರೆಯ ಡಾಕ್ಟರ್ ಫಿನ್ಲೇ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

"ಈಗ ಒಮ್ಮೆಲೇ ನಿಲ್ಲಿಸಿದ್ರೆ ಹೊಟ್ಟೇಲಿರೋ ಮಗುವಿಗೇ ಕಷ್ಟ. ಮಗು ಉಳೀದೇ ಹೋಗಬಹುದು," ಎಂದರು ಅವರು. "ಔಷಧಿ ತಗೋತಾ ಇರೋದೇ ಈಗ ಅವಳು ಮಾಡಬಹುದಾದ ಒಳ್ಳೇ ಕೆಲಸ."

"ಹಾಗಾದ್ರೆ ಸೂಪು?"

"ಸೂಪೂ ಕೊಡಿ."

ಅಂದಿನಿಂದ ದೊಡ್ಡಮ್ಮ ದಿನಾ ಹುಡುಗಿಯ ಜೊತೆ ಔಷಧಿ ಅಂಗಡಿಗೆ ಹೊರಟಳು. ಮಡಿಸುವ ಕುರ್ಚಿಯೊಂದನ್ನು ಹೊತ್ತುಕೊಂಡು ಹೋಗಿ ಅಂಗಡಿಯ ನಡುವೆಯೇ ಕೂರುತ್ತಿದ್ದಳು. ಸಾಲಿನಲ್ಲಿ ನಿಂತವರು ಯಾರಾದರೂ ವೈಮಾರಿಯೆಯ ಹೊಟ್ಟೆ ನೋಡಿ, ಕೈಯಲ್ಲಿನ ಲೋಟ ನೋಡಿ, ಪಕ್ಕದವರ ಮುಖ ನೋಡಿದರೆ ಮುಗಿಯಿತು. "ನಿನಗೇನಮ್ಮಾ ಕಾಯಿಲೆ? ಮೂಲವ್ಯಾಧಿಯಾ?" ಎಂದು ಅಂಗಡಿಯ ಆ ತುದಿಗೂ ಕೇಳುವಂತೆ ವಿಚಾರಿಸುತ್ತಿದ್ದಳು. ಒಂದೇ ವಾರದಲ್ಲಿ ಪಟ್ಟಣದವರೆಲ್ಲ ಗೋಡೆಯ ಮೇಲಿನ ಸನ್‌ಸ್ಕ್ರೀನ್ ಜಾಹೀರಾತನ್ನು ಭಕ್ತಿಯಿಂದ ಓದುವುದು ಕಲಿತರು.

ಗಂಡುಮಗು ಹುಟ್ಟಿತು. ಸಣ್ಣಗಿತ್ತು, ಬೆರಳು ಮಾತ್ರ ಉದ್ದ. ಹುಟ್ಟಿದ ದಿನ ಎಲ್ಲ ಸರಿ ಇತ್ತು, ಮರುದಿನ ನಡುಕ ಶುರುವಾಯಿತು. ತಾಯಿಯ ಹೊಟ್ಟೆಯಲ್ಲಿ ರಕ್ತದ ಜೊತೆ ಬರುತ್ತಿದ್ದ ಔಷಧಿ ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ನಿಂತಿತು. ಅದು ಎಲ್ಲಿ ಹೋಯಿತೆಂದು ಆ ಪುಟ್ಟ ಮೈಗೆ ಗೊತ್ತಾಗಬೇಕೆ. ಕೀರಲು ಸ್ವರದಲ್ಲಿ ಅಳುತ್ತಿತ್ತು, ಮೇಲಿಂದ ಮೇಲೆ ಸೀನುತ್ತಿತ್ತು, ಹಸಿದರೂ ಮೊಲೆ ಹಿಡಿಯಲು ಬಾಯಿ ನಿಲ್ಲುತ್ತಿರಲಿಲ್ಲ, ನಿದ್ದೆಗೆ ಜಾರಿದ ಕೂಡಲೇ ಕೈಕಾಲು ಬೆಚ್ಚಿ ಎಚ್ಚರವಾಗುತ್ತಿತ್ತು. ಆ ಅಳು ಕೇಳಲಾರದೆ ನಾನೇ ಎದ್ದು ಹೊರಗೆ ಹೋಗುತ್ತಿದ್ದೆ, ವೈಮಾರಿಯೆಯ ಪಾಡು ಹೇಳುವುದೇ ಬೇಡ.

ಇದರ ಮೇಲೆ ಇನ್ನೊಂದು. ಇಂಥ ಮಗುವನ್ನು ತಾಯಿಯ ಜೊತೆ ಮನೆಗೆ ಕಳಿಸಬೇಕೋ, ಬೇರೆ ಯಾರ ಕೈಗಾದರೂ ಕೊಡಬೇಕೋ ಎಂದು ನೋಡಲು ಸರ್ಕಾರದ ಮಕ್ಕಳ ಇಲಾಖೆಯಿಂದ ಒಬ್ಬಳು ಬರುತ್ತಾಳೆಂದು ತಿಳಿಯಿತು. ದೊಡ್ಡಮ್ಮನ ಮನೆ ನೋಡಿ, ಮನೆಯವರನ್ನು ಮಾತಾಡಿಸಿ, ಆಮೇಲೆ ಸಭೆ ಸೇರಿ ತೀರ್ಮಾನ. ಈ ಹುಡುಗ ನಮ್ಮ ರಸ್ತೆಗೆ ಬರುತ್ತಾನೋ ಇಲ್ಲವೋ ಎನ್ನುವುದೊಂದೇ ಆಮೇಲೆ ನಮ್ಮೆಲ್ಲರ ಯೋಚನೆಯಾಯಿತು.

ಆಸ್ಪತ್ರೆಯ ಎಳೆಮಕ್ಕಳ ವಾರ್ಡಿನಲ್ಲೇ ನಾನು ದೊಡ್ಡಮ್ಮನ ಪಿಸುಮಾತು ಮೊದಲ ಸಲ ಕೇಳಿದ್ದು. ಇಂಥ ಮಕ್ಕಳಿಗೆ ಮೊದಲ ಮದ್ದು ಎಂದರೆ ಮಬ್ಬು ಬೆಳಕು, ಸದ್ದಿಲ್ಲದ ಕೋಣೆ, ಬಿಗಿಯಾಗಿ ಸುತ್ತಿದ ಬಟ್ಟೆ, ತಾಯಿಯ ಮೈಶಾಖ, ತಾಯಿಯ ಹಾಲು. ಅಷ್ಟಕ್ಕೂ ಆಗದಿದ್ದರೆ ಬಾಯಿಗೆ ಮಾರ್ಫಿನ್ ಹನಿ. ಫಿಲಿಪ್ಪೀನ್ಸಿನ ನರ್ಸ್ ಮರಿಟೆಸ್ ದೊಡ್ಡಮ್ಮನ ಎದೆಯಷ್ಟೆತ್ತರದ ಹೆಂಗಸು. ದೊಡ್ಡಮ್ಮ ಬಾಗಿಲಲ್ಲಿ ನಿಂತು "ಎಲ್ಲಿ ನನ್ನ ಮೊಮ್ಮಗ" ಎಂದದ್ದೇ ತಡ, ಅಲ್ಲಿದ್ದ ಮಕ್ಕಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಮರಿಟೆಸ್ ಆಕೆಯ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದಳು.

"ಅಮ್ಮಾ, ಒಳಗೆ ಬರ್ಬೇಕಾದ್ರೆ ಗಂಟಲು ಹೊರಗೆ ಬಿಟ್ಟು ಬನ್ನಿ."

"ನಾನು ಮೆಲ್ಲಗೇ ಮಾತಾಡಿದ್ದು ಕಣಮ್ಮಾ."

"ಪಾರ್ಕಿಂಗ್‌ನಲ್ಲಿರೋ ಕಾರಿಗೆಲ್ಲ ಕೇಳಿಸ್ತು."

ದೊಡ್ಡಮ್ಮ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿಕೊಂಡು ಮೆಲ್ಲಗೆ ಮಾತಾಡುವ ಅಭ್ಯಾಸ ಮಾಡಿದಳು. ಆಕೆ ಪಿಸುಗುಟ್ಟಿದರೆ ಗಾಳಿ ಹೋದ ಹಾರ್ಮೋನಿಯಂ ಹಾಗಿತ್ತು. ಆದರೂ ಕಲಿತಳು. ಹುಡುಗನನ್ನು ಎದೆಗೆ ಒತ್ತಿಕೊಂಡು, ಅವನ ಎರಡೂ ಕೈ ತನ್ನ ಒಂದು ಅಂಗೈಯಲ್ಲಿ ಹಿಡಿದು ಗಂಟೆಗಟ್ಟಲೆ ಅಲುಗಾಡದೆ ಕೂರುತ್ತಿದ್ದಳು. ಅವನು ಸೀನಿದಾಗಲೆಲ್ಲ "ಆಯ್ತು ರಾಜ, ಆಯ್ತು" ಎನ್ನುತ್ತಿದ್ದಳು. ವೈಮಾರಿಯೆ ಹಾಲೂಡುವಾಗ ಮಾತ್ರ ಅವನನ್ನು ಬಿಡುತ್ತಿದ್ದಳು, ಅದೂ ಮನಸ್ಸಿಲ್ಲದ ಮನಸ್ಸಿನಿಂದ.

ಇನ್ನು ಮಾಸಿನ ವಿಷಯ. ಹೆರಿಗೆಯಲ್ಲಿ ಮಗುವಿನ ಹಿಂದೆ ಬರುವ ಮಾಸನ್ನು ನಾವು ಎಸೆಯುವವರಲ್ಲ, ನಮ್ಮ ನೆಲದಲ್ಲಿ ಹೂಳುತ್ತೇವೆ. ನಮ್ಮ ರಸ್ತೆಯ ಹಿಂದೆ ಒಂದು ದಿಬ್ಬವಿದೆ. ಅಲ್ಲಿ ಪೇನೆಯ ಮಾಸಿದೆ, ದೊಡ್ಡಮ್ಮನದಿದೆ, ನನ್ನ ಮಕ್ಕಳದೂ ಇದೆ. ಡಾಕ್ಟರ್ ಫಿನ್ಲೇ ಈ ಹುಡುಗನ ಮಾಸಿನ ಒಂದು ಚೂರನ್ನು ಪರೀಕ್ಷೆಗೆ ಕೇಳಿದರು. ವೈಮಾರಿಯೆ ಆಗಲಿ ಎಂದು ತಲೆಯಾಡಿಸಿದಳು. ನೋಡುತ್ತೀಯಾ ಎಂದು ಅವರು ಕೇಳಿದ್ದಕ್ಕೆ ಗೋಡೆಯ ಕಡೆ ತಿರುಗಿ ಮಲಗಿದಳು.

"ಬೇಡ. ಅದಕ್ಕೆ ನಾನೇನು ಮಾಡಿದ್ದೀನಿ ಅಂತ ನಂಗೊತ್ತು," ಎಂದಳು.

ದೊಡ್ಡಮ್ಮ ಮಾತ್ರ ಡಾಕ್ಟರನ್ನು ಬಿಡಲಿಲ್ಲ. "ತಗೊಂಡ ಚೂರು ವಾಪಸ್ ಬರ್ಬೇಕು. ಗಾಜಿನ ಮೇಲೆ ಅಂಟಿಸ್ತೀರಲ್ಲ, ಅದೂ."

"ಅದು ಉಗುರಿನಷ್ಟೂ ಇರಲ್ಲ ಪಿರಿಹಿರಾ."

"ನಿಮ್ಮ ಮೂಗಿನ ತುದೀನೂ ಉಗುರಿನಷ್ಟೇ. ನಾನು ಇಟ್ಕೋತೀನಿ ಅಂದ್ರೆ ಬಿಡ್ತೀರಾ?"

ಡಾಕ್ಟರು ಮೂಗು ಮುಟ್ಟಿ ನೋಡಿಕೊಂಡರು. ಪರೀಕ್ಷೆ ಮುಗಿದ ಮೇಲೆ ಗಾಜಿನ ಚೂರು ಸಮೇತ ಎಲ್ಲ ಮರಳಿ ಬಂತು, ಮುಚ್ಚಳವಿರುವ ಬಿಳಿ ಬಕೆಟ್ಟಿನಲ್ಲಿ. ಫಲಿತಾಂಶವನ್ನೂ ಅವರೇ ಹೇಳಿದರು. "ಸ್ವಲ್ಪ ಚಿಕ್ಕದು. ಅದರೊಳಗಿನ ಸಣ್ಣ ಸಣ್ಣ ಕವಲುಗಳು ಬಸಿರಿನ ದಿನಕ್ಕೆ ತಕ್ಕಷ್ಟು ಬಲಿತಿಲ್ಲ. ಈ ಥರದ ಔಷಧಿ ತಗೊಂಡವರಲ್ಲಿ ಕೆಲವು ಸಲ ಹೀಗೆ ಕಾಣುತ್ತೆ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ."

"ಆದ್ರೂ ಕೆಲಸ ಮಾಡ್ತಲ್ಲ?"

"ಮಾಡ್ತು. ಹುಡುಗನಿಗೆ ಬೇಕಾದ್ದೆಲ್ಲ ಹೋಗಿದ್ದು ಅದರಿಂದಲೇ."

"ಬೇಡವಾದ್ದೂ?"

"ಬೇಡವಾದ್ದೂ."

ದೊಡ್ಡಮ್ಮ ಬಕೆಟ್ಟಿನ ಮುಚ್ಚಳ ಸವರಿದಳು. ಆಮೇಲೆ "ಪಾಪ" ಎಂದಳು. ಯಾರಿಗೆ ಹೇಳಿದಳೋ ನಾನು ಕೇಳಲಿಲ್ಲ.

ನನ್ನ ಕಾರಿನ ಮುಂದಿನ ಸೀಟಿನಲ್ಲಿ ಬಕೆಟ್ಟಿಗೆ ಬೆಲ್ಟ್ ಹಾಕಿ ಕೂರಿಸಿದ್ದಾಯಿತು. ದೊಡ್ಡಮ್ಮ ಹಿಂದೆ ಕೂತಳು. ದಾರಿಯಲ್ಲಿ ನಾನು ಹಸಿವಾಯಿತೆಂದು ಕರಿದ ಮೀನು, ಆಲೂ ಚಿಪ್ಸ್ ಪೊಟ್ಟಣ ಕಟ್ಟಿಸಿಕೊಂಡು ಬಂದರೆ ಆಕೆ ಬಾಗಿಲನ್ನೇ ತೆಗೆಯಲಿಲ್ಲ.

"ಅದು ಕೂತಿರೋ ಗಾಡೀಲಿ ತಿನ್ನೋ ಪದಾರ್ಥ ತರ್ತೀಯೇನೇ ರೂತಾ? ನಿಂಗೆ ಯಾರೂ ಏನೂ ಹೇಳ್ಕೊಡ್ಲಿಲ್ವಾ?"

ಮಳೆ ಹನಿಯುತ್ತಿತ್ತು. ರಸ್ತೆಬದಿಯಲ್ಲಿ ನಿಂತು ನೆನೆದ ಚಿಪ್ಸ್ ಪೂರ್ತಿ ತಿಂದು, ಹುಲ್ಲಿಗೆ ಕೈ ಒರೆಸಿಕೊಂಡ ಮೇಲೇ ನನಗೆ ನನ್ನ ಕಾರಿನೊಳಗೆ ಪ್ರವೇಶ ಸಿಕ್ಕಿತು.

ಹುಡುಗ ಮನೆಗೆ ಬಂದ ದಿನವೇ ಮಾಸು ಹೂಳಬೇಕು, ಅದೂ ಅವನ ಎದುರಿಗೇ ಎಂದು ದೊಡ್ಡಮ್ಮನ ಹಟ. "ಅವನಿಲ್ದೆ ಅವನ ಮಾಸು ಹೂಳೋದು, ಮದುಮಗನಿಲ್ದೆ ಮದುವೆ ಮಾಡಿದ ಹಾಗೆ." ಅಲ್ಲಿಯವರೆಗೆ ಅದು ಕೆಡದ ಹಾಗೆ ಇಡಬೇಕಲ್ಲ. ಆಸ್ಪತ್ರೆಯವರು ತಾವೇ ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಹತ್ತು ಜನರದ್ದರ ಜೊತೆ ನಮ್ಮದನ್ನು ಇಡುವುದೇ ಎಂದು ಆಕೆ ಒಪ್ಪಿರಲಿಲ್ಲ. ಮನೆಯಲ್ಲಿದ್ದುದು ಒಂದೇ ಫ್ರೀಜರ್. ಪೆಟ್ಟಿಗೆಯಂಥದು, ಒಬ್ಬ ದೊಡ್ಡ ಮನುಷ್ಯ ಕಾಲು ಮಡಿಸಿ ಮಲಗಬಹುದು. ದೊಡ್ಡಮ್ಮನ ಸಮಸ್ತ ಆಸ್ತಿ ಅದರೊಳಗಿತ್ತು. ಪೇನೆಯ ಮಗ ಹೊಡೆದ ಕಾಡುಹಂದಿ, ಬಂಡೆಯಿಂದ ಕಿತ್ತ ಪಾವಾ ಚಿಪ್ಪಿನ ಮಾಂಸ, ಹೊಗೆ ಹಾಕಿದ ಹಾವುಮೀನು, ಮೀನಿನ ತಲೆಗಳು, ಕುರಿಯ ಕಾಲು, ದಕ್ಷಿಣದ ನೆಂಟರು ಕಳಿಸಿದ ಎಣ್ಣೆಯೊಸರುವ ಕಡಲಹಕ್ಕಿಗಳು. ಎಲ್ಲ ಬಾಯಿಗೆ ಸೇರಿದ್ದು. ಬಕೆಟ್ಟಿನಲ್ಲಿರುವುದು ಮೈಗೆ ಸೇರಿದ್ದು.

ಬೇರೆ ಯಾರಾದರೂ ಆಗಿದ್ದರೆ ಎರಡು ಚೀಲ ಸುತ್ತಿ ಮೂಲೆಯಲ್ಲಿ ಇಡುತ್ತಿದ್ದರು. ದೊಡ್ಡಮ್ಮ ಫ್ರೀಜರನ್ನೇ ಖಾಲಿ ಮಾಡಲು ಹೊರಟಳು. ಎಲ್ಲ ಹೊರಗೆ ತೆಗೆದು, ಒಳಗೆ ತೊಳೆದು, ಪ್ರಾರ್ಥನೆ ಮಾಡಿ, ಬಕೆಟ್ಟನ್ನು ನಡುಮಧ್ಯೆ ಇಟ್ಟು ಮುಚ್ಚಿದಳು. ಹೊರಗೆ ತೆಗೆದದ್ದು ಕರಗುತ್ತಾ ಕೂತಿತ್ತು. ಆಕೆ ಅಂಗಳಕ್ಕೆ ಬಂದು ಗಂಟಲು ಬಿಚ್ಚಿದಳು.

ಊರಿಗೆ ಊರೇ ಬಂತು. ಮೊದಲ ದಿನ ಹಬ್ಬ, ಎರಡನೆಯ ದಿನ ಸಂತೋಷ, ಮೂರನೆಯ ದಿನದಿಂದ ಕರ್ತವ್ಯ. ಮಾಂಸದ ಜೊತೆ ಆಲೂಗಡ್ಡೆ ಬೇಕು, ಎಣ್ಣೆಯಲ್ಲಿ ಕರಿದ ರೊಟ್ಟಿಗೆ ಹಿಟ್ಟು ಬೇಕು, ರೊಟ್ಟಿಗೆ ಬೆಣ್ಣೆ ಬೇಕು. ಫ್ರೀಜರಿನ ಹಿಂದೆಯೇ ಬೀರುಗಳೂ ಬರಿದಾದವು. ತಿಂದು ತಿಂದು ನನ್ನ ಗಂಡ ಬೂಟಿನ ದಾರ ಕಟ್ಟಿಕೊಳ್ಳಲಾಗದೆ ಚಪ್ಪಲಿಯಲ್ಲೇ ಕೆಲಸಕ್ಕೆ ಹೋದ.

ಪೇನೆ ಮೊದಲು ಬರಲಿಲ್ಲ, ಅವನಿಗೆ ಸಿಟ್ಟು. "ಆ ಮಾಸು ತಿಂಗಳುಗಟ್ಟಲೆ ಮೆಥಡೋನ್ ಕುಡಿದಿದೆ. ಅದನ್ನ ತಂದು ಅಪ್ಪ ಅಜ್ಜಂದಿರ ದಿಬ್ಬದಲ್ಲಿ ಇಡ್ತೀನಿ ಅಂತೀಯ. ಬೇರೆ ಎಲ್ಲಾದ್ರೂ ಇಡು ಅಕ್ಕ," ಎಂದು ಬೇಲಿಯ ಆಚೆಯಿಂದಲೇ ಹೇಳಿದ್ದ.

"ನಿನ್ನನ್ನ ಹೊತ್ತಾಗ ಅಮ್ಮ ದಿನಾ ಒಂದು ಪ್ಯಾಕ್ ಸಿಗರೇಟು ಸೇದ್ತಿದ್ಳು. ನಿನ್ನ ಮಾಸು ಅಲ್ಲೇ ಇದೆ. ದಿಬ್ಬ ಇನ್ನೂ ಕೆಮ್ಮಿಲ್ಲ," ಎಂದಳು ದೊಡ್ಡಮ್ಮ.

ಆಮೇಲೆ ಕಡಲಹಕ್ಕಿ ಬೇಯುವ ವಾಸನೆ ಬೇಲಿ ದಾಟಿತು. ಪೇನೆ ಸಿಟ್ಟು ಬಿಡದೆಯೇ ಬಂದು, ಯಾರೊಂದಿಗೂ ಮಾತಾಡದೆ, ಎಲ್ಲರಿಗಿಂತ ಹೆಚ್ಚು ತಿಂದು ಹೋದ. ಮರುದಿನವೂ ಬಂದ, ಅದರ ಮರುದಿನವೂ ಬಂದ.

ಎಲ್ಲ ಮುಗಿದು ಮೂಳೆ ನಾಯಿಗಳಿಗೆ ಹೋದ ಮರುದಿನ ಬೆಳಿಗ್ಗೆ ಮಕ್ಕಳ ಇಲಾಖೆಯ ಜೋಸ್ಲಿನ್ ಬಂದಳು, ಹೇಳಿದ್ದಕ್ಕಿಂತ ಎರಡು ದಿನ ಮೊದಲೇ. ಇಂಗ್ಲೆಂಡಿನಿಂದ ಬಂದು ಇಲ್ಲಿಯ ಒಂದು ಚಳಿಗಾಲವನ್ನೂ ಕಾಣದ ಹುಡುಗಿ. ಕೆಟ್ಟವಳಲ್ಲ. ಬೂಟು ಬಿಚ್ಚಿ ಒಳಗೆ ಬಂದಳು, ಮಗುವಿಗೆಂದು ಸಿದ್ಧಮಾಡಿದ ಕೋಣೆ ನೋಡಿ ಮೆಚ್ಚಿದಳು. ದೊಡ್ಡಮ್ಮ ಚಹಾ ಕೊಡಲು ಹೋದರೆ ಹಾಲಿಲ್ಲ, ಸಕ್ಕರೆಯಿಲ್ಲ, ಒಂದು ಬಿಸ್ಕತ್ತೂ ಇಲ್ಲ. ಮನೆಗೆ ಬಂದವರಿಗೆ ಬಿಸ್ಕತ್ತಿಲ್ಲದ್ದು ಆಕೆಯ ಜೀವನದಲ್ಲೇ ಮೊದಲು. ಕರೀ ಚಹಾ ಮುಂದಿಟ್ಟಾಗ ಆಕೆಯ ಕಿವಿಯವರೆಗೆ ಕೆಂಪೇರಿತ್ತು.

"ಅಡುಗೆಮನೆ ನೋಡಬಹುದಾ?" ಎಂದಳು ಜೋಸ್ಲಿನ್.

ಒಂದು ಬೀರುವಿನಲ್ಲಿ ಅರ್ಧ ಬಾಟಲಿ ವಿನೆಗರ್ ಇತ್ತು. ಇನ್ನೊಂದರಲ್ಲಿ ನೀರಿನಲ್ಲಿ ಕೊಳೆಹಾಕಿದ ಮುಸುಕಿನ ಜೋಳ. ನಮಗೆ ಪ್ರಾಣ ಅದು, ಆದರೆ ಮುಚ್ಚಳ ತೆಗೆದ ಜೋಸ್ಲಿನ್ ಕಣ್ಣೀರು ಸುರಿಸುತ್ತಾ ಕಿಟಕಿಗೆ ಹೋದಳು. ತಿರುಗಿ ಬಂದು ಫ್ರೀಜರಿನ ಮುಚ್ಚಳ ಎತ್ತಿದಳು. ಅಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಒಂದೇ ಒಂದು ಬಿಳಿ ಬಕೆಟ್.

"ಇದರಲ್ಲೇನಿದೆ?"

"ಅದು ಹುಡುಗಂದು," ಎಂದಳು ದೊಡ್ಡಮ್ಮ.

"ಓ, ಹಾಲಾ? ತಾಯಿ ಹಿಂಡಿಟ್ಟಿದ್ದಾ?"

ದೊಡ್ಡಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಅದರ ಮುಂದೆ ತಿನ್ನೋದು ಕುಡಿಯೋದು ಮಾತಾಡ್ಬೇಡಿ."

"ಯಾಕೆ, ಅದಕ್ಕೆ ಕೇಳಿಸುತ್ತಾ?" ಎಂದು ನಗುತ್ತಾ ಜೋಸ್ಲಿನ್ ಬಕೆಟ್ಟಿನ ಮುಚ್ಚಳಕ್ಕೆ ಕೈ ಹಾಕಿದಳು. ದೊಡ್ಡಮ್ಮ ಫ್ರೀಜರಿನ ಮುಚ್ಚಳ ಹಾಕಿದ ರಭಸಕ್ಕೆ ಪಾಪದವಳ ಬೆರಳು ಉಳಿದದ್ದೇ ಹೆಚ್ಚು. ಹಾಕಿ, ಎರಡೂ ಕೈ ಊರಿ ನಿಂತಳು. ಮೇಲೆ ಕೂತೇ ಬಿಡುತ್ತಿದ್ದಳೇನೋ, ಕೂರುವುದೂ ಮಡಿಗೆ ವಿರುದ್ಧ.

ಜೋಸ್ಲಿನ್ನಳ ನಗು ಹೋಯಿತು. "ವೈಮಾರಿಯೆಯ ಔಷಧಿ ಏನಾದ್ರೂ ಇಲ್ಲಿ ಇಟ್ಟಿದ್ದೀರಾ? ಅಥವಾ ಬೇರೆ ಏನಾದ್ರೂ?"

ನಾನು ಬಾಯಿ ತೆರೆದೆ. ದೊಡ್ಡಮ್ಮ ನನ್ನ ಕಾಲು ತುಳಿದಳು, ತನ್ನ ಭಾರವೆಲ್ಲ ಹಾಕಿ. ಜೋಸ್ಲಿನ್ ಇನ್ನೊಮ್ಮೆ ಕೇಳಿದಳು. ದೊಡ್ಡಮ್ಮ ಮುಚ್ಚಳದ ಮೇಲಿನ ಕೈ ತೆಗೆಯಲಿಲ್ಲ. ಜೋಸ್ಲಿನ್ ಬೂಟು ಹಾಕಿಕೊಂಡು ಹೊರಟುಹೋದಳು.

"ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ ದೊಡ್ಡಮ್ಮ," ಎಂದೆ ಕಾಲುಬೆರಳು ಹಿಡಿದುಕೊಂಡು.

"ಪ್ರತಿ ಸಲ ನಾವೇ ಹೇಳ್ಬೇಕೇನೇ ರೂತಾ? ನಮ್ಮ ಮಗೂನ ತಗೊಂಡು ಹೋಗೋಕೆ ಬರ್ತಾರೆ, ನಮ್ಮ ಬಗ್ಗೆ ಇಷ್ಟಾದ್ರೂ ತಿಳ್ಕೊಂಡು ಬರ್ಬಾರ್ದಾ?"

ಹೇಳಿದಷ್ಟು ಹೊತ್ತು ಸಿಟ್ಟಿತ್ತು. ಆಮೇಲೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡಳು. "ನಾನೇ ಕಳೆದೆ ಕಣೇ ಹುಡುಗನ್ನ. ಬಾಯಿದ್ದೂ ಕಳೆದೆ," ಎಂದು ಅತ್ತಳು. ನನಗೂ ಅಳು ಬಂತು. ಆಕೆ ಅಳುವುದನ್ನು ನಾನು ಅಂತ್ಯಕ್ರಿಯೆಗಳಲ್ಲಿ ಕಂಡಿದ್ದೆ, ಅಲ್ಲಿ ಆಕೆಯನ್ನು ಮೀರಿಸುವವರಿಲ್ಲ. ಇದು ಆ ಥರದ್ದಲ್ಲ, ಸದ್ದೇ ಇರಲಿಲ್ಲ.

ಸಭೆ ಆಸ್ಪತ್ರೆಯ ಒಂದು ಕೋಣೆಯಲ್ಲಿ. ಡಾಕ್ಟರ್ ಫಿನ್ಲೇ, ಮರಿಟೆಸ್, ಜೋಸ್ಲಿನ್, ನಾವು. ಹುಡುಗ ವೈಮಾರಿಯೆಯ ಎದೆಯ ಮೇಲೆ ಬಟ್ಟೆಯೊಳಗಿದ್ದ. ಅಷ್ಟು ದಿನಕ್ಕೆ ನಡುಕ ಬಹಳ ಇಳಿದಿತ್ತು, ಮಾರ್ಫಿನ್ ಹನಿ ಬೇಕಾಗಿರಲಿಲ್ಲ. ಜೋಸ್ಲಿನ್ ಮೃದುವಾಗಿಯೇ ಮಾತಾಡಿದಳು. ತಾಯಿ ತುಂಬ ಪ್ರಯತ್ನ ಮಾಡುತ್ತಿದ್ದಾಳೆ, ಆದರೆ ಮನೆಯಲ್ಲಿ ಊಟಕ್ಕೆ ಏನೂ ಇಲ್ಲ, ಫ್ರೀಜರಿನಲ್ಲಿ ಒಂದು ಬಕೆಟ್ ಇದೆ, ಅದರಲ್ಲೇನಿದೆ ಎಂದು ಮನೆಯವರು ಹೇಳುತ್ತಿಲ್ಲ, ಆದ್ದರಿಂದ ಸದ್ಯಕ್ಕೆ ಮಗುವನ್ನು ಬೇರೆ ಕುಟುಂಬವೊಂದರ ಹತ್ತಿರ ಇಡುವುದು ಒಳ್ಳೆಯದೆಂದು ತನಗೆ ಅನ್ನಿಸುತ್ತದೆ ಎಂದಳು. ವೈಮಾರಿಯೆ ಹುಡುಗನನ್ನು ಎರಡೂ ಕೈಯಿಂದ ತಬ್ಬಿಕೊಂಡಳು.

ಪೇನೆ ಎದ್ದು ನಿಂತ. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಳು. ಈ ಮಾಸು ನಮ್ಮ ನೆಲಕ್ಕೆ ಬೇಡ ಎಂದು ಬೇಲಿಯಲ್ಲಿ ನಿಂತು ಹೇಳಿದವನು ಇಲ್ಲಿ ಇನ್ನೇನು ಹೇಳುತ್ತಾನೋ ಎಂದು ನಾನು ಆತನ ಅಂಗಿ ಹಿಡಿದೆಳೆದೆ. ಆತ ಗಂಟಲು ಸರಿಮಾಡಿಕೊಂಡು ದೋಣಿಯನ್ನು ನೀರಿಗಿಳಿಸಿದ. ಜೋಸ್ಲಿನ್ ಗಡಿಯಾರ ನೋಡಿದಳು. ಅಲೆಗಳೆದ್ದವು, ನಕ್ಷತ್ರಗಳು ದಾರಿ ತೋರಿಸಿದವು, ತಲೆಮಾರುಗಳು ಹುಟ್ಟಿ ಸತ್ತವು. ಡಾಕ್ಟರಿಗೆ ಎರಡು ಸಲ ಕರೆ ಬಂತು. ಕೊನೆಗೂ ಪೇನೆ ನಮ್ಮ ಕಾಲಕ್ಕೆ ಬಂದು ತಲುಪಿದ.

"ಆ ಮನೇಲಿ ಊಟಕ್ಕಿಲ್ಲ ಅಂದ್ರಿ. ನಿಜ, ಇಲ್ಲ. ತಿಂದೋನು ನಾನು. ಹಂದಿ ತಿಂದೆ, ಕುರಿ ತಿಂದೆ, ಹಾವುಮೀನು ತಿಂದೆ. ಕಡಲಹಕ್ಕಿ ಎಷ್ಟು ತಿಂದೆ ಅಂತ ಹೇಳೋಕೆ ನಾಚಿಕೆ ಆಗುತ್ತೆ. ಯಾಕೆ ತಿಂದೆ? ಆ ಬಕೆಟ್‌ನಲ್ಲಿರೋದು ಈ ಹುಡುಗನ ಮಾಸು. ಅದರ ಪಕ್ಕ ತಿನ್ನೋ ವಸ್ತು ಇಡೋ ಹಾಗಿಲ್ಲ. ಅದಕ್ಕೆ ಜಾಗ ಮಾಡೋಕೆ ಅಂತ ನಮ್ಮಕ್ಕ ವರ್ಷದ ಊಟಾನ ಊರಿಗೆ ಹಾಕಿದ್ಳು. ಅದನ್ನ ನಮ್ಮ ದಿಬ್ಬಕ್ಕೆ ತರಬೇಡ ಅಂದಿದ್ದೋನು ನಾನೇ. ಆದ್ರೆ ಅದರ ಹೆಸರಲ್ಲಿ ಇಷ್ಟೆಲ್ಲ ತಿಂದ ಮೇಲೆ ಬೇಡ ಅನ್ನೋಕೆ ನನಗೆ ಬಾಯಿಲ್ಲ. ಅದು ನನ್ನ ನೆಂಟ. ಈ ಹುಡುಗಾನೂ ನನ್ನ ನೆಂಟ. ನೆಂಟರನ್ನ ಗೊತ್ತಿಲ್ಲದವರ ಮನೇಲಿ ಬಿಡೋ ಪದ್ಧತಿ ನಮ್ಮಲ್ಲಿಲ್ಲ."

ಕೂತುಬಿಟ್ಟ. ಡಾಕ್ಟರ್ ಫಿನ್ಲೇ ಜೋಸ್ಲಿನ್ ಕಡೆ ಬಾಗಿ, "ಬಕೆಟ್ ನಾನೇ ಕೊಟ್ಟಿದ್ದು," ಎಂದರು.

ಜೋಸ್ಲಿನ್ ಬಾಯಿಗೆ ಕೈ ಅಡ್ಡ ಹಿಡಿದಳು. "ನಾನು ಅದನ್ನ ಹಾಲಾ ಅಂತ ಕೇಳಿದೆ."

"ಕೇಳಿದ್ರಿ," ಎಂದಳು ದೊಡ್ಡಮ್ಮ.

"ನಿಮಗೆ ಹೇಗನ್ನಿಸಿರಬೇಕು. ನಂಗೆ ಗೊತ್ತಿರ್ಬೇಕಾಗಿತ್ತು, ಪಿರಿಹಿರಾ. ಕ್ಷಮಿಸಿ."

"ನಾನೂ ಹೇಳ್ಬೇಕಾಗಿತ್ತು. ನಿಮ್ಮ ಬೆರಳು ಹೇಗಿದೆ?"

ಮರಿಟೆಸ್ ನಗು ತಡೆಯಲಾಗದೆ ಕಿಟಕಿಯ ಕಡೆ ತಿರುಗಿದಳು. ನಾವೆಲ್ಲ ಗೆದ್ದೆವೆಂದೇ ಎಣಿಸಿದೆವು. ಆದರೆ ಜೋಸ್ಲಿನ್ ಇನ್ನೂ ಒಂದು ಮಾತು ಕೇಳಬೇಕಿತ್ತು, ಕೇಳಿದಳು.

"ಊಟದ್ದು ಬಿಡಿ. ವೈಮಾರಿಯೆ ಮತ್ತೆ ಜಾರಿದ್ರೆ, ಹಳೇದಕ್ಕೆ ಹೋದ್ರೆ, ನೀವು ಮುಚ್ಚಿಡ್ತೀರಾ? ನಮಗೆ ಹೇಳ್ತೀರಾ?"

ಹೇಳುತ್ತೇನೆ ಎಂದರೆ ಮಗಳನ್ನು ಬಿಟ್ಟುಕೊಟ್ಟ ಹಾಗೆ, ಹೇಳುವುದಿಲ್ಲ ಎಂದರೆ ಮೊಮ್ಮಗನನ್ನು ಬಿಟ್ಟುಕೊಟ್ಟ ಹಾಗೆ. ದೊಡ್ಡಮ್ಮ ಜೋಸ್ಲಿನ್ನಳನ್ನು ನೋಡಲಿಲ್ಲ, ವೈಮಾರಿಯೆಯನ್ನು ನೋಡಿದಳು.

"ಹುಡುಗನ್ನ ನನ್ನ ಹಾಸಿಗೇಲಿ ಮಲಗಿಸಿ, ನಿನ್ನ ಕತ್ತು ಹಿಡಿದು ಫಿನ್ಲೇ ಹತ್ರ ಕರ್ಕೊಂಡು ಬಂದು, ಆಮೇಲೆ ಇವಳಿಗೆ ಫೋನ್ ಮಾಡ್ತೀನಿ. ನಿನ್ನೆದುರಿಗೇ ಮಾಡ್ತೀನಿ, ಬೆನ್ನ ಹಿಂದೆ ಮಾಡಲ್ಲ. ಆಯ್ತಾ?"

ವೈಮಾರಿಯೆ ಮಗುವಿನ ತಲೆಯ ಮೇಲೆ ಗಲ್ಲ ಊರಿದಳು. "ಮಾಡ್ಲೇಬೇಕು ದೊಡ್ಡಮ್ಮ," ಎಂದಳು. "ಬೇಡ ಅಂತ ನಾನೇ ಕಾಲು ಹಿಡಿದ್ರೂ ಮಾಡು."

ಹುಡುಗ ಮನೆಗೆ ಬಂದ. ವಾರಕ್ಕೊಮ್ಮೆ ತಾನು ಬಂದು ನೋಡುತ್ತೇನೆ ಎಂದಳು ಜೋಸ್ಲಿನ್, ಊಟದ ಹೊತ್ತಿಗೇ ಬರಬೇಕು ಎಂದಳು ದೊಡ್ಡಮ್ಮ.

ಬಂದ ದಿನವೇ ದಿಬ್ಬಕ್ಕೆ ಹೋದೆವು. ಪೇನೆ ಬೆಳಿಗ್ಗೆಯೇ ಗುಂಡಿ ತೋಡಿಟ್ಟಿದ್ದ, ಕುದುರೆ ಹೂಳುವಷ್ಟು ದೊಡ್ಡದು. ನಾರುಗಿಡದ ಎಲೆಯಿಂದ ದೊಡ್ಡಮ್ಮ ಹೆಣೆದ ಪುಟ್ಟ ಬುಟ್ಟಿಗೆ ಮಾಸನ್ನು ಹಾಕಬೇಕಿತ್ತು. ಆಕೆ ಬಕೆಟ್ಟಿಗೆ ಕೈ ಹಾಕಿದಾಗ ವೈಮಾರಿಯೆ ತಡೆದಳು. ಹುಡುಗನನ್ನು ನನ್ನ ಕೈಗೆ ಕೊಟ್ಟು ತಾನೇ ಮೊಣಕಾಲೂರಿ ಮುಚ್ಚಳ ತೆಗೆದಳು. ಅಷ್ಟು ದಿನ ಅವಳು ಅದನ್ನು ನೋಡಿರಲಿಲ್ಲ.

ಬಹಳ ಹೊತ್ತು ನೋಡಿದಳು. "ಕಪ್ಪಗಿರುತ್ತೆ ಅನ್ಕೊಂಡಿದ್ದೆ," ಎಂದಳು.

"ಕಪ್ಪಗೆ ಯಾಕಿರುತ್ತೆ? ಎಲ್ಲಾರದೂ ಹೀಗೇ ಕಣೇ," ಎಂದಳು ದೊಡ್ಡಮ್ಮ. "ನಂದೂ ಹೀಗೇ ಇತ್ತು, ನಿಮ್ಮಮ್ಮಂದೂ ಹೀಗೇ ಇತ್ತು."

ವೈಮಾರಿಯೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಬುಟ್ಟಿಯಲ್ಲಿಟ್ಟಳು. ಬುಟ್ಟಿಯನ್ನು ಗುಂಡಿಗಿಳಿಸಿ, ಪೇನೆ ಗುದ್ದಲಿ ತಂದರೂ ಬೇಡವೆಂದು ತನ್ನ ಕೈಯಿಂದಲೇ ಮಣ್ಣು ಎಳೆದಳು. ಪೇನೆ ಭಾಷಣಕ್ಕೆಂದು ಬಾಯಿ ತೆರೆದವನು, ಅವಳು ಮಣ್ಣಿನ ಜೊತೆ ಮಾತಾಡುತ್ತಿರುವುದು ಕೇಳಿ ಹಾಗೇ ಮುಚ್ಚಿಕೊಂಡ.

"ನಾನು ಕೊಟ್ಟಿದ್ದನ್ನೆಲ್ಲ ಕುಡಿದೆ ನೀನು," ಎಂದು ಹೇಳುತ್ತಿದ್ದಳು ಅವಳು. "ಆದ್ರೂ ಅವನನ್ನ ಬಿಡ್ಲಿಲ್ಲ. ಇನ್ನು ಸಾಕು, ಮಲಕ್ಕೋ. ನಾನು ನೋಡ್ಕೋತೀನಿ ಅವನನ್ನ."